ಕ್ಲಚ್ ಒತ್ತಿದರೆ ನಿಲ್ಲುವ ಕಟಕಟ

ಪ್ರಶ್ನೆ: ನಮ್ಮ 15 ವರ್ಷದ ಕಾರು ನ್ಯೂಟ್ರಲ್‌ನಲ್ಲಿ ನಿಂತಾಗ ಕಟಕಟ ಎನ್ನುತ್ತದೆ. ಕ್ಲಚ್ ಒತ್ತಿದರೆ ಸುಮ್ಮನಾಗುತ್ತದೆ. ಏಕೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಪೆಡಲ್ ಮೇಲಿದ್ದಾಗ ಎಂಜಿನ್ನಿನ ಜೊತೆ ಕ್ಲಚ್ ಪ್ಲೇಟ್ ಮತ್ತು ಗೇರ್‌ಬಾಕ್ಸಿನ ಮೊದಲ ಶಾಫ್ಟ್ ತಿರುಗುತ್ತಿರುತ್ತವೆ. ಒತ್ತಿದೊಡನೆ ಅವು ಬೇರೆಯಾಗಿ ನಿಲ್ಲುತ್ತವೆ, ಸದ್ದೂ ನಿಲ್ಲುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಇಂಧನ ಉರಿಯುತ್ತದೆ. ಪ್ರತಿ ಸಲವೂ ಒಂದು ಸಣ್ಣ ಎಳೆತ. ಅದನ್ನು ನುಂಗಲೆಂದೇ ಕ್ಲಚ್ ಪ್ಲೇಟಿನ ನಡುವೆ ದಪ್ಪ ಸುರುಳಿ ಸ್ಪ್ರಿಂಗ್‌ಗಳಿವೆ. ವರ್ಷಗಳು ಕಳೆದಂತೆ ಅವು ಸಡಿಲವಾಗುತ್ತವೆ, ಕೆಲವೊಮ್ಮೆ ಮುರಿಯುತ್ತವೆ. ಬಿಚ್ಚಿದ ಪ್ಲೇಟನ್ನು ಅಲ್ಲಾಡಿಸಿ ನೋಡಿ, ಗಿಲಕಿಯಂತೆ ಸದ್ದು ಮಾಡುತ್ತದೆ.

ಕಟಕಟದ ಬದಲು ಗುರ್ರೆನ್ನುವ ಸದ್ದಾದರೆ ಮೊದಲ ಶಾಫ್ಟಿನ ಬೇರಿಂಗ್ ಸವೆದಿರಬಹುದು. ಒತ್ತಿದಾಗ ಮಾತ್ರ ಕಿರ್ರೆಂದರೆ ರಿಲೀಸ್ ಬೇರಿಂಗಿನ ಕಡೆ ನೋಡಬೇಕು. ಪೆಡಲ್ ಮೇಲೆ ಕಾಲು ಸುಮ್ಮನೆ ಇಟ್ಟರೆ ಸಾಕು, ಸದ್ದು ಅಡಗುತ್ತದೆ ಎಂದಾದರೆ ಅದೇ ಬೇರಿಂಗ್ ಅಥವಾ ಅದನ್ನು ತಳ್ಳುವ ಫೋರ್ಕ್ ಸಡಿಲಾಗಿರಬಹುದು.

ಮೆಕ್ಯಾನಿಕ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಜಾಣತನ.