ಪೌಂಡ್ ಗುರುತಿನೊಳಗಿನ ಕನ್ನಡ

ಮೈಸೂರಿನ ಸರಸ್ವತೀಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮಾನಸಗಂಗೋತ್ರಿ ಹತ್ತಿರ ಇರುವುದರಿಂದ ಅರ್ಧ ಸಂಪಾದನೆ ಪಿಎಚ್.ಡಿ. ಪ್ರಬಂಧಗಳದ್ದು, ಇನ್ನರ್ಧ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡುಗಳದ್ದು. ಆಷಾಢ, ಮದುವೆಗಳಿಲ್ಲ ಅಂತ ಒಬ್ಬ ಸಂಶೋಧಕಿಯ ತತ್ತ್ವಪದಗಳ ಮೇಲಿನ ಪ್ರಬಂಧ ಹಿಡಿದು ಕೂತಿದ್ದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ನಾಳೆ ಹಾಕಿಸೋಣ, ನಾಡಿದ್ದು ಹಾಕಿಸೋಣ ಅಂತಲೇ ದಿನ ತಳ್ಳಿದ್ದೆ.

ಮತ್ತೆ ಆನ್ ಮಾಡಿದರೆ ವಿಂಡೋಸ್ ಬರುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಮಾಡಿದೆ. ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಅಂತ ಕೇಳಿತು. ಹೂಂ ಅಂದೆ. ಎರಡು ಗಂಟೆ ಅದೇನೋ ಓಡಿ, ಕೊನೆಗೆ ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡಲೇ ಅಂದಿತು. ಅಷ್ಟಕ್ಕೆ ಮಾತ್ರ ಬೇಡ ಅಂದೆ. ಆ ದಿನ ನಾನು ತೋರಿದ ಬುದ್ಧಿ ಅದೊಂದೇ. ಒಳಗೆ ಇದ್ದದ್ದು 11 ವರ್ಷದ ಕೆಲಸ.

ದೇವರಾಜ ಅರಸು ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಮಹಡಿ ಮೇಲೆ, ಇಂಥದ್ದನ್ನು ನೋಡುವ ಹುಡುಗನೊಬ್ಬ ಇದ್ದಾನೆ. ಅವನ ಮೊದಲ ಪ್ರಶ್ನೆ ಡಿಸ್ಕು ಯಾವ ಕಂಪನಿದು ಅಂತ ಅಲ್ಲ. "ಹಿಂಗಾದ್ಮೇಲೆ ಎಷ್ಟು ಸಲ ಆನ್ ಮಾಡಿದ್ರಿ ಅಕ್ಕ?"

"ಐದಾರು ಸಲ."

ಹಣೆ ಚಚ್ಚಿಕೊಳ್ಳಲಿಲ್ಲ, ಅದೇ ಪುಣ್ಯ. ಡಿಸ್ಕಿಗೆ ಕರೆಂಟು ಕೊಟ್ಟು ಕಿವಿ ಹತ್ತಿರ ಹಿಡಿದ. ಟಕ್ ಟಕ್ ಅಂತ ಒಂದೇ ಸಮ ಬಡಿದರೆ ಓದುವ ಹೆಡ್ಡು ಹೋಗಿರುವುದೇ ಹೆಚ್ಚು. ಗುಂಯ್ ಅಂತ ಮುಲುಗಿ ತಿರುಗದಿದ್ದರೆ ಮೋಟಾರೋ ಹೆಡ್ಡೋ ಕಚ್ಚಿಕೊಂಡಿದೆ. ಉಸಿರೇ ಇಲ್ಲದಿದ್ದರೆ ಕೆಳಗಿನ ಹಸಿರು ಬೋರ್ಡನ್ನು ಅನುಮಾನಿಸಬೇಕು. ಹಿಂದೆಲ್ಲ ಅದೇ ಮಾಡೆಲ್ಲಿನ ಇನ್ನೊಂದು ಬೋರ್ಡು ಕೂರಿಸಿದರೆ ನಡೆಯುತ್ತಿತ್ತಂತೆ. ಈಗ ಪ್ರತಿ ಡಿಸ್ಕಿನ ಅಳತೆ-ಲೆಕ್ಕಗಳೂ ಅದರದೇ ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ನನ್ನದು ತಿರುಗುತ್ತಿತ್ತು, ಬಡಿಯುತ್ತಿರಲಿಲ್ಲ, ಆಗಾಗ ಕರ್ ಅನ್ನುತ್ತಿತ್ತು. "ಬದುಕೈತೆ," ಅಂದ.

ಆನ್ ಮಾಡಿದ್ದಕ್ಕೆ ಇಷ್ಟೇಕೆ ಭಯ ಅಂತ ಕೇಳಿದೆ. ಹಾಳಾದ ಹಳೇ ಡಿಸ್ಕೊಂದನ್ನು ಬಿಚ್ಚಿ ತೋರಿಸಿದ. ಕನ್ನಡಿಯಂಥ ತಟ್ಟೆ, ಅದರ ಮೇಲೆ ಗ್ರಾಮಫೋನಿನಂಥ ಒಂದು ತೋಳು. ಗ್ರಾಮಫೋನಿನ ಮುಳ್ಳು ತಟ್ಟೆಗೆ ತಾಗುತ್ತದೆ, ಇದು ತಾಗಬಾರದು. ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುವಾಗ ಏಳುವ ಗಾಳಿಯ ಮೇಲೆ ಹೆಡ್ಡು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಅಂದರೆ ಒಂದು ಧೂಳಿನ ಕಣವೂ ಅಲ್ಲಿ ಚಾಮುಂಡಿ ಬೆಟ್ಟವೇ. ಹೆಡ್ಡು ತಗ್ಗಿ ತಟ್ಟೆಯನ್ನು ಕೆರೆದರೆ ಕೆರೆದಷ್ಟು ಅಕ್ಷರ ಪುಡಿ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅಷ್ಟರಲ್ಲೂ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಈಗ ಅಂಗೈಯಗಲದಲ್ಲಿ ಅದರ ಲಕ್ಷಾಂತರ ಪಟ್ಟು ತುಂಬಿಸುತ್ತೇವೆ.

ಮನೆಯಲ್ಲಿ ನಮ್ಮ ಯಜಮಾನರು ಯಾರದೋ ಮಾತು ಕೇಳಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡು ಅಂದಿದ್ದರು. ಹುಡುಗ ನಕ್ಕ. ತಣ್ಣಗಾದದ್ದನ್ನು ಹೊರಗೆ ತೆಗೆದಾಗ ಮಜ್ಜಿಗೆ ಚೊಂಬಿನ ಹಾಗೆ ಡಿಸ್ಕಿಗೂ ಬೆವರುತ್ತದೆ. ಆ ಹನಿ ತಟ್ಟೆಯ ಮೇಲೆ ಕೂತರೆ ಮುಗಿಯಿತು.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ತೆರೆದು 'ಪೆಂಡಿಂಗ್ ಸೆಕ್ಟರ್' ಅನ್ನುವ ಸಾಲಿನ ಮೇಲೆ ಬೆರಳಿಟ್ಟ. ಓದಲಾಗದೆ, ಬಿಡಲೂ ಆಗದೆ ಬಾಕಿ ಉಳಿದ ಜಾಗಗಳು. ಪೆಂಡಿಂಗ್ ಅಂದರೆ ಏನು ಅಂತ ಕಚೇರಿ ಅಲೆದವರಿಗೆ ಹೇಳಬೇಕಿಲ್ಲ. ನಾನು ಹೂಂ ಅಂದ ರಿಪೇರಿ, ಅದೇ ಪೆಟ್ಟಾದ ಡಿಸ್ಕಿನ ಮೇಲೇ ಓದಿ, ಬರೆದು, ತಿದ್ದಿ ಇನ್ನಷ್ಟು ಕೆಡಿಸಿತ್ತು. ಮೊದಲು ಆಗಬೇಕಿದ್ದದ್ದು ನಕಲು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶ ಹಾಕಿ, ಅಷ್ಟೇ ದೊಡ್ಡ ಹೊಸ ಡಿಸ್ಕಿಗೆ ಹಳೆಯದನ್ನು ಇದ್ದ ಹಾಗೇ ಇಳಿಸಲು ಬಿಟ್ಟ. ಮಾವಿನಕಾಯಿ ಇಳಿಸುವವರ ಕೆಲಸದ ಹಾಗೆ ಅದು. ಕೈಗೆಟುಕುವುದನ್ನೆಲ್ಲ ಮೊದಲು ಕಿತ್ತುಕೊಳ್ಳುತ್ತದೆ, ಮುರುಕಲು ಕೊಂಬೆಯನ್ನು ಗುರುತಿಟ್ಟು ಬಿಡುತ್ತದೆ, ಕೊನೆಗೆ ಅಲ್ಲಿಗೆ ಬಂದು ಪ್ರಯತ್ನ ಮಾಡುತ್ತದೆ. ಮೂರು ಹಗಲು ಮೂರು ರಾತ್ರಿ ನಡೆಯಿತು. ಸಣ್ಣದೊಂದು ಚೂರು ಬಿಟ್ಟು ಎಲ್ಲ ಬಂತು.

ಆದರೆ ಆ ಚೂರಿನಲ್ಲೇ ಫೈಲುಗಳ ಹೆಸರಿನ ಪಟ್ಟಿಯ ಬಹುಭಾಗವಿತ್ತು. ಪಟ್ಟಿಯಿಲ್ಲದೆ, ಫೈಲಿನ ತಲೆಭಾಗದ ಗುರುತು ನೋಡಿ ಹೆಕ್ಕುವ ಫೋಟೊರೆಕ್ ಓಡಿಸಿದ. ಸಾವಿರಾರು ವರ್ಡ್ ಫೈಲು ಬಂದವು, ಎಲ್ಲಕ್ಕೂ ಹೆಸರಿನ ಬದಲು ನಂಬರು. ಪೇಜ್‌ಮೇಕರ್‌ನವು ಹೆಚ್ಚಿನವು ಅರ್ಧಂಬರ್ಧ. ಚೂರುಚೂರಾಗಿ ಬೇರೆ ಬೇರೆ ಕಡೆ ಕೂತ ದೊಡ್ಡ ಫೈಲನ್ನು ಈ ವಿಧಾನ ಜೋಡಿಸಲಾರದು.

ಹುಡುಗ ಒಂದನ್ನು ತೆರೆದು ಮುಖ ಸಣ್ಣ ಮಾಡಿದ. "ಕರಪ್ಟ್ ಆಗೈತೆ ಅಕ್ಕ." ಪರದೆ ತುಂಬ ಪಿ, ತಲೆಗೆ ಗೀಟೆಳೆದ ಎ, ಪೌಂಡ್ ಗುರುತು. ನೋಡಿದೆ, ಜೀವ ಬಂತು. "ಕರಪ್ಟ್ ಅಲ್ಲಪ್ಪ, ಕನ್ನಡ."

ಇದು ನನ್ನ ವೃತ್ತಿಯ ಗುಟ್ಟು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡವೇ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ಸಂಕೇತಗಳು. ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ನುಡಿಯಲ್ಲಿ 'ಕ' ಶುರುವಾಗುವುದು ಪಿ ಇಂದ, 'ನ' ಪೌಂಡ್ ಗುರುತಿನಿಂದ. ಅವನ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ, ವೇಷ ಕಳಚಿಬಿದ್ದಿತ್ತು, ಅಷ್ಟೆ. ನುಡಿ ಹಾಕಿಸಿ, ಹುಡುಕುವ ಪೆಟ್ಟಿಗೆಯಲ್ಲಿ 'ತತ್ತ್ವಪದ' ಅಂತ ಟೈಪ್ ಮಾಡಿದೆ. ಪೆಟ್ಟಿಗೆಯಲ್ಲಿ ಕಂಡದ್ದು ಅದೇ ಗೊಂಡಾರಣ್ಯ. ಆದರೆ ಗೊಂಡಾರಣ್ಯಕ್ಕೆ ಗೊಂಡಾರಣ್ಯ ಹೊಂದಿಕೊಂಡು ಪ್ರಬಂಧದ ಅಧ್ಯಾಯಗಳು ಒಂದೊಂದಾಗಿ ಮೇಲೆ ಬಂದವು.

ಅಕ್ಷರ ಉಳಿದರಷ್ಟೇ ಸಾಲದು, ಅದನ್ನು ಓದಬಲ್ಲವರೂ ಇರಬೇಕು. ಇದೇ ಊರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಅರ್ಥಶಾಸ್ತ್ರದ ತಾಳೆಗರಿ ಇದ್ದದ್ದು ಗ್ರಂಥಲಿಪಿಯಲ್ಲಿ. ಗರಿ ಗಟ್ಟಿಯಾಗಿತ್ತು ಸರಿ, ಆ ಲಿಪಿ ಓದಬಲ್ಲವರೂ ಇದ್ದರು. ಹಾಗಾಗಿ 1909ರಲ್ಲಿ ಅದು ಅಚ್ಚಾಯಿತು. ನುಡಿ ಫಾಂಟು ಕಂಡರಿಯದ ಹುಡುಗರು ಈಗಲೇ ರಿಪೇರಿ ಅಂಗಡಿಗಳಲ್ಲಿ ಕೂತಿದ್ದಾರೆ. ಹಳೆಯ ಫೈಲಿರುವವರು ಅದನ್ನು ಯೂನಿಕೋಡಿಗೆ ಬದಲಿಸಿ ಇಡುವುದು ಲೇಸು; ಪರಿವರ್ತಕಗಳು ಬಿಟ್ಟಿಯಾಗೇ ಸಿಗುತ್ತವೆ, ಒತ್ತಕ್ಷರ ಒಮ್ಮೆ ಕಣ್ಣಾಡಿಸಿದರಾಯಿತು.

ನಾಲ್ಕನೇ ಅಧ್ಯಾಯ ಸಿಗಲೇ ಇಲ್ಲ. ಗೈಡು ಕೆಂಪು ಶಾಯಿಯಲ್ಲಿ ತಿದ್ದಿದ್ದ ಪ್ರಿಂಟು ಆ ಸಂಶೋಧಕಿಯ ಬಳಿ ಇತ್ತು. 62 ಪುಟ ಮತ್ತೆ ಕುಟ್ಟಿದೆ, ಈ ಸಲ ಯೂನಿಕೋಡಿನಲ್ಲಿ. ದುಡ್ಡು ಕೇಳುವುದಕ್ಕೆ ಬಾಯಿ ಬರಲಿಲ್ಲ. ಆಕೆಯೂ ಕೊಡಲು ಬರಲಿಲ್ಲ.