ಹೊಲದ ಸಂವೇದಕಗಳ ಸಂದೇಶಕ್ಕೆ ಎಷ್ಟು ಭದ್ರತೆ ಬೇಕು?

ಹನಿ ನೀರಾವರಿಯ ತೋಟಗಳಲ್ಲಿ ಮಣ್ಣಿನ ತೇವವನ್ನು ಅಳೆದು ರೇಡಿಯೋ ಮೂಲಕ ತಿಳಿಸುವ ಸಣ್ಣ ಸಂವೇದಕಗಳು ಬಳಕೆಗೆ ಬಂದಿವೆ. ಇವುಗಳ ಸಂದೇಶವನ್ನು ತಕ್ಕ ಉಪಕರಣವುಳ್ಳ ಯಾರಾದರೂ ಹಿಡಿಯಬಹುದು. ಅಂಥದೇ ಸುಳ್ಳು ಸಂದೇಶವನ್ನು ಕಳಿಸಲೂಬಹುದು. ತೇವದ ಅಂಕಿಯನ್ನು ಪಕ್ಕದ ಹೊಲದವರು ಓದಿದರೆ ನಷ್ಟವೇನೂ ಇಲ್ಲ. ಆದರೆ ಸುಳ್ಳು ಅಂಕಿಯನ್ನು ನಂಬಿ ಪಂಪು ತಾನಾಗಿ ಚಾಲೂ ಆದರೆ ಕೊಳವೆ ಬಾವಿಯ ನೀರು ರಾತ್ರಿಯಿಡೀ ಪೋಲಾಗುತ್ತದೆ. ಹೂ ಬಿಡುವ ಕಾಲದಲ್ಲಿ ಚಾಲೂ ಆಗದೇ ಉಳಿದರೆ ಇಳುವರಿಯೇ ಕೈತಪ್ಪುತ್ತದೆ.

ಆದ್ದರಿಂದ ಭದ್ರತೆಯಲ್ಲಿ ಎರಡು ಬಗೆಯನ್ನು ಬೇರೆಯಾಗಿ ತಿಳಿಯಬೇಕು. ಸಂದೇಶವನ್ನು ಯಾರೂ ಓದದಂತೆ ಗೂಢಲಿಪಿಗೆ ತಿರುಗಿಸುವುದು ಒಂದು; ಇದು ಲಕೋಟೆ ಇದ್ದಂತೆ. ಸಂದೇಶದಿಂದಲೂ ಗುಪ್ತ ಕೀಲಿಯಿಂದಲೂ ಲೆಕ್ಕಹಾಕಿದ ಕೆಲವು ಬೈಟುಗಳನ್ನು ಕೊನೆಗೆ ಸೇರಿಸುವುದು ಇನ್ನೊಂದು. ಇದು ಅರಗಿನ ಮುದ್ರೆ ಇದ್ದಂತೆ. ದಾರಿಯಲ್ಲಿ ಒಂದಂಕಿ ಬದಲಾದರೂ ಮುದ್ರೆ ತಾಳೆಯಾಗುವುದಿಲ್ಲ. ಹೊಲಕ್ಕೆ ಮುಖ್ಯವಾದುದು ಮುದ್ರೆಯೇ. ಮುದ್ರೆಯಿಲ್ಲದ ಗೂಢಲಿಪಿಯನ್ನು ಆರಿಸಲೇಬಾರದು, ಏಕೆಂದರೆ ಹಲವು ಪದ್ಧತಿಗಳಲ್ಲಿ ಒಳಗಿನ ಅಂಕಿಯನ್ನು ಓದದೆಯೇ ಕೆಡಿಸಿಬಿಡಬಹುದು.

ಇದಕ್ಕೆ ಬ್ಯಾಟರಿ ತೆರುವ ಬೆಲೆ ಎಷ್ಟು? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿ 2004ರಲ್ಲಿ ಪ್ರಕಟಿಸಿದ ಟೈನಿಸೆಕ್ ಪದ್ಧತಿಯಲ್ಲಿ ಮುದ್ರೆ ಮಾತ್ರ ಹಾಕಿದಾಗ ಶಕ್ತಿಯ ಖರ್ಚು ಸುಮಾರು ಶೇಕಡಾ 3ರಷ್ಟು, ಗೂಢಲಿಪಿಯೂ ಸೇರಿದಾಗ ಸುಮಾರು ಶೇಕಡಾ 10ರಷ್ಟು ಹೆಚ್ಚಿತು. ಇದರ ಬಹುಪಾಲು ಗಣಿತಕ್ಕಲ್ಲ, ಉದ್ದವಾದ ಸಂದೇಶವನ್ನು ರೇಡಿಯೋ ಕಳಿಸಬೇಕಾದುದಕ್ಕೆ. ಐಇಇಇ 802.15.4 ಎಂಬ ಮಾನದಂಡದಲ್ಲಿ 4, 8 ಅಥವಾ 16 ಬೈಟಿನ ಮುದ್ರೆಯನ್ನು, ಗೂಢಲಿಪಿಯೊಡನೆ ಇಲ್ಲವೆ ಅದಿಲ್ಲದೆ, ಅಗತ್ಯಕ್ಕೆ ತಕ್ಕಂತೆ ಆರಿಸಬಹುದು. ಪಂಪಿಗೆ ಹೋಗುವ ಆಜ್ಞೆಗೆ ಉದ್ದನೆಯ ಮುದ್ರೆ, ಗಂಟೆಗೊಮ್ಮೆ ಬರುವ ಅಂಕಿಗೆ ಚಿಕ್ಕದು ಸಾಕು. ದೂರದ ಹೊಲಗಳಿಗೆ ಬಳಸುವ ಲೋರಾವಾನ್ ಪದ್ಧತಿಯಲ್ಲಿ ಈ ಆಯ್ಕೆಯಿಲ್ಲ. ಅಳತೆಯ ಅಂಕಿಗಳಿಗೆ ಗೂಢಲಿಪಿಯೂ 4 ಬೈಟಿನ ಮುದ್ರೆಯೂ ಕಡ್ಡಾಯ. ಇಂಥ ಪುಟ್ಟ ಉಪಕರಣಗಳಿಗೆಂದೇ ಅಮೆರಿಕದ ಮಾನದಂಡ ಸಂಸ್ಥೆಯು 2023ರಲ್ಲಿ ಆಸ್ಕಾನ್ ಎಂಬ ಹಗುರ ವಿಧಾನವನ್ನು ಆರಿಸಿದೆ.

ಮುದ್ರೆಯೊಂದೇ ಸಾಲದು. ನಿನ್ನೆಯ ನಿಜವಾದ ಸಂದೇಶವನ್ನು ಹಿಡಿದಿಟ್ಟು ಇಂದು ಮತ್ತೆ ಕಳಿಸಿದರೆ ಮುದ್ರೆ ಸರಿಯಾಗಿಯೇ ಇರುತ್ತದೆ! ಇದನ್ನು ತಡೆಯಲು ಪ್ರತಿ ಸಂದೇಶಕ್ಕೂ ಏರುವ ಕ್ರಮಸಂಖ್ಯೆ ಇರುತ್ತದೆ. ಬ್ಯಾಟರಿ ಬದಲಿಸಿದಾಗ ಕೆಲವು ಉಪಕರಣಗಳಲ್ಲಿ ಈ ಸಂಖ್ಯೆ ಸೊನ್ನೆಗೆ ಮರಳಿ, ಸಂದೇಶಗಳು ತಿರಸ್ಕೃತವಾಗುತ್ತವೆ. ಆಗ ಜೋಡಣೆಗಾರರು ಕ್ರಮಸಂಖ್ಯೆಯ ಪರೀಕ್ಷೆಯನ್ನೇ ನಿಲ್ಲಿಸಿ ಹೋಗುವುದುಂಟು. ಇದಕ್ಕೆ ರೈತರು ಒಪ್ಪಬಾರದು. ಪ್ರತಿ ಬಾರಿ ಜಾಲಕ್ಕೆ ಸೇರುವಾಗ ಹೊಸ ಕೀಲಿ ಪಡೆಯುವ ಉಪಕರಣವನ್ನೇ ಕೊಳ್ಳುವುದು ಲೇಸು.

ಎಲ್ಲ ಸಂವೇದಕಗಳಿಗೂ ಒಂದೇ ಕೀಲಿ ಇದ್ದರೆ, ಬದುವಿನಿಂದ ಒಂದು ಕಳುವಾದರೂ ಉಳಿದವುಗಳ ಗುಟ್ಟು ಹೊರಬೀಳಬಹುದು. ಪ್ರತಿಯೊಂದಕ್ಕೂ ಬೇರೆ ಕೀಲಿ ಇದೆಯೇ, ಕಳುವಾದುದರ ಕೀಲಿಯನ್ನು ರದ್ದು ಮಾಡುವ ಬಗೆ ಹೇಗೆ ಎಂಬುದನ್ನು ಹಣ ಕೊಡುವ ಮೊದಲೇ ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯಬೇಕು.