ಕಲ್ಲಿನೊಳಗಿನ ಭೇಟಿ

ರಾಯಚೂರಿನ ಕೋಟೆಯ ಮೇಲೆ ನಿಂತು ಅಂಗೈ ಚಾಚಿದ ವಿದ್ಯಾರ್ಥಿಯ ಹಸ್ತವನ್ನು ನಿಮಿಷಕ್ಕೆ ಸುಮಾರು ನೂರು ಮ್ಯೂಆನುಗಳು ತೂರಿಹೋಗುತ್ತವೆ. ವಿಶ್ವಕಿರಣಗಳು ಮೇಲಣ ವಾಯುಮಂಡಲವನ್ನು ತಾಗಿದಾಗ ಹುಟ್ಟುವ ಕಣಗಳಿವು. ಇವುಗಳ ಒಡಹುಟ್ಟು ನ್ಯೂಟ್ರಿನೊ. ಅದಾದರೋ ಕೋಟೆಯನ್ನೂ ಅದರಡಿಯ ಕಗ್ಗಲ್ಲನ್ನೂ ಬಹುಮಟ್ಟಿಗೆ ಇಡಿಯ ಭೂಮಿಯನ್ನೂ ಯಾರನ್ನೂ ಮಾತನಾಡಿಸದೆ ದಾಟಿಬಿಡುತ್ತದೆ.

ಕಣಗಳು ಸಂಧಿಸುವುದೆಂದರೇನು? ಗೋಲಿಗಳಂತೆ ಢಿಕ್ಕಿ ಹೊಡೆಯುವುದಲ್ಲ. ಎರಡು ಎಲೆಕ್ಟ್ರಾನುಗಳು ಸಮೀಪಿಸಿದಾಗ ಅವುಗಳ ನಡುವೆ ಫೋಟಾನಿನ ವಿನಿಮಯವಾಗುತ್ತದೆಂದು ಕ್ವಾಂಟಂ ಸಿದ್ಧಾಂತವು ಲೆಕ್ಕಹಾಕುತ್ತದೆ. ವಿದ್ಯುದಂಶವಿಲ್ಲದ ನ್ಯೂಟ್ರಿನೊವಿಗೆ ಆ ವ್ಯವಹಾರವಿಲ್ಲ. ಅದರ ನಾಣ್ಯ ಬಲು ಭಾರ. ಡಬ್ಲ್ಯು ಎಂಬ ಆ ಕಣವು ಪ್ರೋಟಾನಿನ ಸುಮಾರು 86 ಮಡಿ ತೂಗುತ್ತದೆ. ಆದಕಾರಣ ಭೇಟಿ ಅತಿ ವಿರಳ; ಯಾವುದು, ಎಲ್ಲಿ ಎಂದು ಮುಂಚಿತವಾಗಿ ಹೇಳಬರುವಂತೆಯೂ ಇಲ್ಲ. ಬರಿಯ ಸಂಭಾವ್ಯತೆಯನ್ನು ಹೇಳಬಹುದು, ಅಷ್ಟೆ.

1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ನಮ್ಮ ನಂಜನಗೂಡಿನವರೇ ಆದ ಬಿ. ವಿ. ಶ್ರೀಕಂಠನ್ ಉಪಕರಣಗಳೊಡನೆ ಕೋಲಾರದ ಚಿನ್ನದ ಗಣಿಗೆ ಇಳಿದರು. ಆಗ ಅಳೆಯಬೇಕಾಗಿದ್ದುದು ಮ್ಯೂಆನುಗಳನ್ನು. ಆಳಕ್ಕೆ ಹೋದಷ್ಟೂ ಅವು ಕಲ್ಲಿಗೆ ಸೋತು ವಿರಳವಾಗುತ್ತಿದ್ದವು. ಆ ಗದ್ದಲ ಅಡಗಿದಲ್ಲಿ ನ್ಯೂಟ್ರಿನೊವಿನ ಸುಳಿವು ಸಿಕ್ಕೀತೆಂಬುದು ಮುಂದಿನ ಯುಕ್ತಿ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ತಂಡಗಳೊಡಗೂಡಿ, ಸುಮಾರು 2.3 ಕಿಲೋಮೀಟರು ಆಳದಲ್ಲಿ ಕಣ ತಾಗಿದರೆ ಮಿನುಗುವ ಫಲಕಗಳನ್ನು ಎದುರುಬದುರು ಗೋಡೆಗಳಂತೆ ನಿಲ್ಲಿಸಿ, ನಡುವೆ ನಿಯಾನ್ ನಳಿಗೆಗಳನ್ನು ಜೋಡಿಸಿದರು. ನೆತ್ತಿಯ ಕಡೆಯಿಂದ ಮ್ಯೂಆನು ಹೇಗೋ ಬಂದೀತು. ಪಕ್ಕದಿಂದ ಬರಬೇಕಾದರೆ ಎಷ್ಟೋ ಪಾಲು ಹೆಚ್ಚು ಬಂಡೆಯನ್ನು ದಾಟಬೇಕು, ಅದು ಅದರ ಅಳವಲ್ಲ. ಹಾಗಾದರೆ ಅಡ್ಡಲಾಗಿ ಬಂದ ಗೆರೆ ಯಾರದು? ನೆರೆಯ ಬಂಡೆಯೊಳಗೆ ನ್ಯೂಟ್ರಿನೊವೊಂದು ಪರಮಾಣುಬೀಜವನ್ನು ಸಂಧಿಸಿ, ತಾನೇ ಮ್ಯೂಆನಾಗಿ ಹೊರಟುಬಂದುದರ ಕುರುಹು ಅದು! 1965ರಲ್ಲಿ ಅಂಥ ಗೆರೆಗಳು ಕಂಡವು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ರೈನೆಸ್ ಅವರ ತಂಡಕ್ಕೂ ಕಂಡವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವಿನ ಗುರುತು ಮನುಷ್ಯನಿಗೆ ಸಿಕ್ಕಿದ್ದು ಅದೇ ಮೊದಲು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ಲೆಕ್ಕದಲ್ಲಿ ಅದು ನಷ್ಟದ ಗಣಿಯಾಗಿರಬಹುದು. ಅರಿವಿನ ಲೆಕ್ಕದಲ್ಲಿ ಹಾಗೆನ್ನಲು ನನಗೆ ಮನಸ್ಸಿಲ್ಲ. ದೇವದುರ್ಗ, ಮಾನ್ವಿಗಳ ಓದುಗರಿಗೆ ಇದು ದೂರದ ಊರಿನ ಕಥೆಯೂ ಅಲ್ಲ. ಅವರ ನೆರೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವನ್ನು ಹೊತ್ತ ಶಿಲೆ ಕೋಲಾರದ ಶಿಲೆಯ ಜಾತಿಯದೇ, ಮತ್ತು ಅಲ್ಲಿ ಗಣಿಯ ಕೆಲಸ ಇನ್ನೂ ನಡೆದಿದೆ. ಅಲ್ಲಿನ ಕೆಲಸಗಾರನು ತೊಟ್ಟಿಲಲ್ಲಿ ಕೆಳಗಿಳಿಯುತ್ತಿದ್ದಂತೆ ಮ್ಯೂಆನುಗಳ ಮಳೆ ಅವನ ತಲೆಯ ಮೇಲೆ ಕಡಿಮೆಯಾಗುತ್ತ ಬರುತ್ತದೆ. ನ್ಯೂಟ್ರಿನೊ ಮಳೆ ಮಾತ್ರ ಹೊಲದಲ್ಲಿ ಸುರಿದಷ್ಟೇ ಅಲ್ಲಿಯೂ ಸುರಿಯುತ್ತಿರುತ್ತದೆ.